ಕಲ್ಪಿತವಾಸ್ತವದಲ್ಲಿ ಅನುಕರಣದ ಪ್ರಶ್ನೆ

ಯಂತ್ರನಿರ್ಮಿತವಾದ ಕಲ್ಪಿತಲೋಕದಲ್ಲಿ, ಎಂದರೆ ವರ್ಚುಯಲ್ ರಿಯಾಲಿಟಿಯಲ್ಲಿ, ಆಟಿಸಂ ಉಳ್ಳವರಿಗೆ ಲೋಕವ್ಯವಹಾರವನ್ನು ಅಭ್ಯಾಸ ಮಾಡಿಸಬಹುದೆ ಎಂಬ ಜಿಜ್ಞಾಸೆ ಹುಟ್ಟಿ ಸುಮಾರು ಮೂವತ್ತು ವರ್ಷಗಳಾದುವು. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಡಾರತಿ ಸ್ಟ್ರಿಕ್‌ಲ್ಯಾಂಡ್ ಎಂಬವರೂ ಅವರ ಸಹೋದ್ಯೋಗಿಗಳೂ 1996ರಲ್ಲಿ ಪ್ರಕಟಿಸಿದ ವರದಿಯು ಈ ಮಾರ್ಗದ ಮೊದಲ ಬರೆವಣಿಗೆಗಳಲ್ಲೊಂದು. ಇಬ್ಬರು ಮಕ್ಕಳಿಗೆ ಶಿರಸ್ತ್ರಾಣದಂತಹ ಯಂತ್ರವನ್ನು ತೊಡಿಸಿ ಒಂದು ಸರಳವಾದ ಬೀದಿಯನ್ನು ತೋರಿಸಲಾಯಿತು. ಮಕ್ಕಳು ಯಂತ್ರವನ್ನು ಸಹಿಸಿದರು. ಕಾರುಗಳನ್ನು ಗುರುತಿಸಿ ಅವುಗಳ ಬಣ್ಣವನ್ನೂ ಹೇಳಿದರು. ಅಂದಿನಿಂದ ಬಂದಿರುವ ಲೇಖನಗಳು ಅನೇಕ. ಆದರೆ ಅವುಗಳ ತಳದಲ್ಲಿ ಒಂದು ಊಹೆ ಬಹುಕಾಲ ಪರೀಕ್ಷೆಗೊಳಗಾಗದೆ ಕುಳಿತಿತ್ತು: ಕಲ್ಪಿತಲೋಕವು ನಿಜಲೋಕದಂತಿರುವುದರಿಂದ ಅಲ್ಲಿಯ ನಡತೆಯೂ ಇಲ್ಲಿಯ ನಡತೆಯಂತೆಯೇ ಇರತಕ್ಕದ್ದು ಎಂಬುದು.

ನಮ್ಮ ಕಾವ್ಯಮೀಮಾಂಸೆಯನ್ನು ಬಲ್ಲ ವಾಚಕರಿಗೆ ಈ ತೊಡಕು ಹೊಸದಲ್ಲ. ನಟನಲ್ಲಿ ರಾಮನನ್ನು ಕಾಣುವ ಪ್ರತೀತಿಯನ್ನು ಶ್ರೀಶಂಕುಕನು ಚಿತ್ರದ ಕುದುರೆಗೆ ಹೋಲಿಸಿದನು. ಅದು ಸತ್ಯಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲವೆಂದನು. ಇದರ ಮೇಲೆ ಭಟ್ಟತೌತನು ಎತ್ತಿದ ಆಕ್ಷೇಪವನ್ನು ಆತನ ಶಿಷ್ಯನಾದ ಅಭಿನವಗುಪ್ತನು ಅಭಿನವಭಾರತಿಯಲ್ಲಿ ಉಳಿಸಿಕೊಟ್ಟಿದ್ದಾನೆ. ಅನುಕರಣವೆಂದು ಹೇಳುವುದು ಯಾರ ದೃಷ್ಟಿಯಿಂದ? ನೋಡುವವನದೊ, ನಟನದೊ, ವಸ್ತುತತ್ತ್ವವನ್ನು ವಿವೇಚಿಸುವವನದೊ? ಪ್ರಕೃತ ವಿಷಯಕ್ಕೆ ಈ ಪ್ರಶ್ನೆಯು ಎಷ್ಟು ಸಲ್ಲುವುದೆಂಬುದನ್ನು ಒಂದು ಪ್ರಯೋಗದಿಂದ ತಿಳಿಯಬಹುದು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಸಾರಾ ಪಾರ್ಸನ್ಸ್ ಮತ್ತು ಸಂಗಡಿಗರು ಸಾಧಾರಣ ಕಂಪ್ಯೂಟರಿನ ಪರದೆಯ ಮೇಲೆ ಒಂದು ಕಾಫಿಗೃಹವನ್ನು ನಿರ್ಮಿಸಿದರು. (ಶಿರಸ್ತ್ರಾಣ, ಪರದೆ, ಕೊಠಡಿ ಮೂರಕ್ಕೂ ಒಂದೇ ಹೆಸರಿಡುವ ಈ ಕ್ಷೇತ್ರದ ಉದಾರತೆಯು ಓದುವವನಿಗೆ ಬಹಳ ತೊಂದರೆ ಕೊಡುತ್ತದೆ.) ಆಟಿಸಂ ಉಳ್ಳ 12 ಮಂದಿ ಕಿಶೋರರನ್ನು ಇತರ ಕಿಶೋರರೊಡನೆ ಹೋಲಿಸಿ 2004ರಲ್ಲಿ ಪ್ರಕಟಿಸಿದ ಫಲ ಇದು: ಅವರಲ್ಲಿ ಹೆಚ್ಚಿನವರು ಆ ದೃಶ್ಯವು ನಿಜದ ಪ್ರತಿರೂಪವೆಂದು ತಿಳಿದಿದ್ದರು, ಆದರೆ ಅಲ್ಲಿ ಚಿತ್ರಿತರಾದ ಜನರಿಗೆ ಡಿಕ್ಕಿ ಹೊಡೆಯುವುದು, ಅವರ ನಡುವೆ ನುಗ್ಗಿ ಹೋಗುವುದು ಅವರಲ್ಲಿ ಹೆಚ್ಚಾಗಿ ಕಂಡಿತು. ಪರರ ಸುತ್ತಣ ಅವಕಾಶವನ್ನು ಗ್ರಹಿಸುವ ಶಕ್ತಿ ಆಟಿಸಂನಲ್ಲಿ ಕುಂದಿರಬಹುದೆಂದು ಲೇಖಕರು ಸೂಚಿಸಿದರು.

ಇರಬಹುದು. ಆದರೆ ಬೇರೊಂದು ಅರ್ಥಕ್ಕೂ ಇಲ್ಲಿ ಎಡೆಯಿದೆ. ನಡುವೆ ನುಗ್ಗಿದ ಹುಡುಗನ ಮುಂದೆ ನಿಜವಾಗಿ ಯಾವ ಮನುಷ್ಯನೂ ಇರಲಿಲ್ಲ. ನೋಯುವವರು ಇಲ್ಲದಿರುವಾಗ ಸುತ್ತಿ ಹೋಗುವುದೇಕೆ? ಉಳಿದ ಕಿಶೋರರು ಚಿತ್ರತುರಗವನ್ನು ತುರಗವೆಂದು ಮನ್ನಿಸುವ ಸಮಯಕ್ಕೆ ಒಪ್ಪಿ ನಡೆದರು. ಈತನು ಒಪ್ಪಲಿಲ್ಲವೆಂದಾದರೆ ಅಳತೆಗೆ ಸಿಕ್ಕಿದ್ದು ಸಾಮಾಜಿಕ ಜ್ಞಾನದ ಕೊರತೆಯಲ್ಲ, ನಾಟ್ಯಧರ್ಮಿಯ ವಿಷಯದಲ್ಲಿ ಒಂದು ಭೇದ. ಪರದೆಯ ಮೇಲಿನ ನಡತೆಯೊಂದರಿಂದಲೇ ಈ ಎರಡನ್ನು ಬೇರ್ಪಡಿಸಲಾಗದು. ಕಲ್ಪಿತಲೋಕವು ನಿಜಕ್ಕೆ ನಿಷ್ಠವಾಗಿದೆಯೆಂದು ಮೊದಲೇ ನಂಬಿ ನಡೆಯುವುದು ಸಲ್ಲದೆಂದು 2016ರಲ್ಲಿ ಪಾರ್ಸನ್ಸ್ ಅವರೇ ವಿಸ್ತಾರವಾಗಿ ಬರೆದರು. ತಮ್ಮ ಕ್ಷೇತ್ರದ ಅಡಿಗಲ್ಲನ್ನೇ ತಾವೇ ತಟ್ಟಿ ನೋಡುವ ಈ ಪ್ರಾಮಾಣಿಕತೆಯನ್ನು ನಾವು ಪ್ರಯೋಗಕ್ಕಿಂತಲೂ ಹೆಚ್ಚಾಗಿ ಮೆಚ್ಚುತ್ತೇವೆ.

ನ್ಯೂಕಾಸಲ್‌ನ ವಿದ್ವಾಂಸರ ಕೆಲಸದ ರೀತಿ ಬೇರೆ. ಗೋಡೆಗಳ ಮೇಲೆಲ್ಲ ದೃಶ್ಯವನ್ನು ಬೀರುವ ಕೊಠಡಿಯಲ್ಲಿ, ಚಿಕಿತ್ಸಕರ ಜೊತೆಯಲ್ಲಿ, ತುಂಬಿದ ಬಸ್ಸು, ಪಾರಿವಾಳ ಮೊದಲಾದ ತನ್ನ ತನ್ನ ಭಯವನ್ನು ಪ್ರತಿಯೊಂದು ಮಗುವೂ ನಾಲ್ಕು ಸಲ ಎದುರಿಸಿತು. 2014ರ ವರದಿಯಂತೆ 9 ಹುಡುಗರಲ್ಲಿ 8 ಮಂದಿ ಹಿಂದೆ ಅಂಜುತ್ತಿದ್ದ ಸನ್ನಿವೇಶವನ್ನು ಹೊರಗೆ ನಿಭಾಯಿಸಬಲ್ಲವರಾದರು. ನಾಲ್ವರ ಭಯ ಪೂರ್ತಿಯಾಗಿ ಹೋಯಿತು. ಹೋಲಿಕೆಯ ಗುಂಪು ಅಲ್ಲಿರಲಿಲ್ಲ. ಆ ಕೊರತೆಯನ್ನು 2019ರಲ್ಲಿ 32 ಮಕ್ಕಳ ಪ್ರಯೋಗದಿಂದ ತುಂಬಲೆತ್ನಿಸಿದರು. ಸಂಖ್ಯೆ ಅಲ್ಪವೇ. ಆದರೂ ಇಲ್ಲಿ ಪ್ರಮಾಣವಾಗಿ ನಿಂತದ್ದು ಕೊಠಡಿಯೊಳಗಿನ ನಡತೆಯಲ್ಲ, ನಿಜವಾದ ಬಸ್ಸು. ಗುರಿಯನ್ನು ಒದಗಿಸಿದ್ದು ಆ ಮಗುವಿನದೇ ಆದ ಭಯ.

ಶಿಷ್ಟಾಚಾರವನ್ನು ಕಲಿಸುವ ಪ್ರಯೋಗಗಳಲ್ಲಿ ಇಂತಹ ಪ್ರಮಾಣ ದೊರೆಯುವುದು ಕಷ್ಟ. ಸ್ವತಃ ಆಟಿಸಂ ಉಳ್ಳ ವಿದ್ವಾಂಸರಾದ ಡೇಮಿಯನ್ ಮಿಲ್ಟನ್ 2012ರಲ್ಲಿ ತೋರಿಸಿದಂತೆ, ಒಬ್ಬರನ್ನೊಬ್ಬರು ಅರಿಯದಿರುವ ದೋಷ ಎರಡು ಕಡೆಗೂ ಸೇರಿದ್ದು. ಹಾಗಿರುವಲ್ಲಿ ಒಂದು ಕಡೆಯವರನ್ನು ಮಾತ್ರ ಪಾಠಕ್ಕೆ ಕೂರಿಸುವುದಕ್ಕೆ ಕಾರಣ ಹೇಳಬೇಕಾಗುತ್ತದೆ. 2016ರಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿಯು ಯಂತ್ರವನ್ನು ಎದುರು ದಿಕ್ಕಿಗೆ ತಿರುಗಿಸಿತು: ಆಟಿಸಂ ಉಳ್ಳ ಬಾಲಕನೊಬ್ಬನಿಗೆ ಅಂಗಡಿಗಳ ಸಂಕೀರ್ಣವು ಹೇಗೆ ಕಾಣುವುದು, ಕೇಳುವುದು ಎಂಬುದನ್ನು ಇತರರ ಕಣ್ಣಿಗೆ ಕಟ್ಟಿ ತೋರಿಸಿತು. ಯತ್ನ ಸ್ತುತ್ಯವಾದುದೇ. ಆದರೆ ಒಬ್ಬ ಬಾಲಕನ ಅನುಭವವೆಂದು ಕಟ್ಟಿದ ಶಬ್ದವನ್ನೂ ಬೆಳಕನ್ನೂ ನೋಡಿದವರು ಆಟಿಸಂ ಉಳ್ಳವರೆಲ್ಲರ ಅನುಭವವೆಂದು ತಿಳಿದು ಮನೆಗೆ ಹೋಗುವುದು ಸುಲಭ. ಭಟ್ಟತೌತನ ಪ್ರಶ್ನೆಯನ್ನು ಆ ಚಿತ್ರಕ್ಕೂ ಕೇಳಬೇಕಾಗಿದೆ.