ಹತ್ತು ಕಾದಂಬರಿ ಕೇಳಿದ ಮೇಷ್ಟ್ರಿಗೆ

ರಾಮನಗರದ ಪಕ್ಕದ ಹಳ್ಳಿಯ ಹೈಸ್ಕೂಲು ಮೇಷ್ಟ್ರೊಬ್ಬರು ಬರೆದಿದ್ದಾರೆ. ಹಳೇ ವಿದ್ಯಾರ್ಥಿಗಳು ಎರಡು ಸಾವಿರ ರೂಪಾಯಿ ಕೂಡಿಸಿ ಕೊಟ್ಟಿದ್ದಾರಂತೆ. ಶಾಲೆಯ ಬೀರುವಿಗೆ ಹತ್ತು ಒಳ್ಳೆ ಕಾದಂಬರಿ ತಗೋಬೇಕು, ಪಟ್ಟಿ ಕಳಿಸಪ್ಪ ಅಂತ. ಮಕ್ಕಳಲ್ಲಿ ಅರ್ಧ ಕೇರಿಯವರು, ಮಿಕ್ಕವರಲ್ಲಿ ರೇಷ್ಮೆ ನೂಲು ತೆಗೆಯುವ ಮುಸಲ್ಮಾನರ ಮನೆಯ ಹೆಣ್ಣುಮಕ್ಕಳೂ ಇದ್ದಾರೆ.

ಕಾಲೇಜಿನಲ್ಲಿ ನನಗೂ ಒಂದು ಪಟ್ಟಿ ಕೊಟ್ಟಿದ್ದರು. ಜ್ಞಾನಪೀಠ ಬಂದವರನ್ನ ಮೊದಲು ಬರೆದು, ಜಾಗ ಉಳಿದರೆ ಬೇರೆಯವರು. ಕನ್ನಡಕ್ಕೆ 8 ಜ್ಞಾನಪೀಠ ಬಂದಿದೆ. ಎಂಟರಲ್ಲಿ ಕೇರಿಯಿಂದ ಬಂದವರು ಒಬ್ಬರೂ ಇಲ್ಲ, ಹೆಂಗಸರು ಒಬ್ಬರೂ ಇಲ್ಲ. ಆ ಪಟ್ಟಿಯನ್ನೇ ನಕಲು ಮಾಡಿ ಕಳಿಸೋದಾದರೆ ಮೇಷ್ಟ್ರು ನನ್ನನ್ನ ಕೇಳಬೇಕಾಗಿರಲಿಲ್ಲ.

ಇನ್ನೊಂದು ಕಡೆ ನಮ್ಮ ಗೆಳೆಯರೇ ಕೆಲವರಿದ್ದಾರೆ. 'ಅದೆಲ್ಲ ಬೂಸ, ಬಿಸಾಕು' ಅಂದುಬಿಟ್ಟರೆ ಅವರಿಗೆ ಕೆಲಸ ಮುಗೀತು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನ ಬೂಸ ಅಂದರು. ಊರೂರಲ್ಲಿ ಗಲಾಟೆಯಾಯಿತು. ದಲಿತ ಹುಡುಗರಿಗೆ ಏಟು ಬಿತ್ತು. ಅವರು ಮಂತ್ರಿಗಿರಿ ಬಿಡಬೇಕಾಯಿತು. ಹೊಡೆದವರಲ್ಲಿ ಆ ಸಾಹಿತ್ಯವನ್ನ ಓದಿದ್ದವರು ಎಷ್ಟು ಜನವೋ! ಆದರೆ ಏಟು ತಿಂದವರ ಮೊಮ್ಮಕ್ಕಳಾದ ನಾವು ಓದದೆ ಬೂಸ ಅನ್ನೋದೂ, ಅವರು ಓದದೆ ಹೊಡೆದದ್ದೂ ಒಂದೇ ಜಾತಿಯ ಸೋಮಾರಿತನ. ನಮ್ಮವ್ವಂದಿರು ಊರಿನವರ ಕಣದಲ್ಲಿ ರಾಗಿ ತೂರಿದ್ದಾರೆ, ಕೇರಿದ್ದಾರೆ. ಮೊರ ಹಿಡಿಯೋದನ್ನ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.

ಮೇಷ್ಟ್ರೇ, ನಾನು ಹೇಳೋದು ಇಷ್ಟು. ದೊಡ್ಡ ಕಾದಂಬರಿ ಅಂತ ಹೆಸರಾದದ್ದನ್ನ ತಗೊಳ್ಳಿ. ಆದರೆ ಒಂಟಿಯಾಗಿ ತಗೋಬೇಡಿ. ಅದಕ್ಕೆ ಎದುರುತ್ತರ ಕೊಡುವ ಒಂದು ಪುಸ್ತಕ ಅದರ ಪಕ್ಕದಲ್ಲೇ ಇರಲಿ.

ಕಾರಂತರ 'ಚೋಮನ ದುಡಿ'ಯನ್ನೇ ನೋಡಿ. 1933ರ ಪುಸ್ತಕ. 1975ರ ಸಿನಿಮಾದಿಂದ ಚೋಮ ಓದು ಬಾರದವರಿಗೂ ಗೊತ್ತು. ಚೋಮನ ಹತ್ತಿರ ಎತ್ತಿವೆ, ಹೊಲ ಇಲ್ಲ. ಬೇಸಾಯ ಮಾಡಬೇಕು ಅನ್ನೋದೊಂದೇ ಅವನ ಆಸೆ. ಧಣಿಯ ಮನಸ್ಸು ಕೊಂಚ ಕರಗಿದರೂ ಮನೆಯೊಳಗಿಂದ ಸಂಪ್ರದಾಯ ಅಡ್ಡ ಬರುತ್ತದೆ. ನೀರಿನಲ್ಲಿ ಮುಳುಗುವ ಅವನ ಮಗನನ್ನ ಮುಟ್ಟಿ ಎತ್ತುವವರಿಲ್ಲ. ಇದನ್ನ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರೊಬ್ಬರು ಆ ಕಾಲದಲ್ಲಿ ಬರೆದರು ಅನ್ನೋದು ಸಣ್ಣ ಮಾತಲ್ಲ. ಓದುವಾಗ ನಾನೂ ಅತ್ತಿದ್ದೇನೆ.

ಅತ್ತಾದ ಮೇಲೆ ಒಂದು ಪ್ರಶ್ನೆ ಕೇಳಬೇಕು. ಚೋಮ ಇನ್ನು 40 ವರ್ಷ ಬದುಕಿದ್ದರೆ ಹೊಲ ಸಿಗುತ್ತಿತ್ತೆ? 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಬಂತು, ಉಳುವವನೇ ಹೊಲದೊಡೆಯ ಅಂದರು. ಫಾರಂ ನಂಬರ್ 7 ತುಂಬಿಕೊಡಿ ಅಂದರು. ಅದನ್ನ ತುಂಬಬೇಕಾದವನು ಗೇಣಿದಾರ. ಚೋಮ ಗೇಣಿದಾರ ಅಲ್ಲ, ಧಣಿಯ ಆಳು. ಆಳಿಗೆ ಯಾವ ಫಾರಂ? ಹೊಲ ಗೇಣಿಗೆ ಸಿಗದಿದ್ದುದೇ ಅವನ ಕಥೆ, ಗೇಣಿ ಇರಲಿಲ್ಲ ಅನ್ನೋದೇ ಆಮೇಲೆ ಅವನಿಗೆ ಹೊಲ ಕೊಡದಿರೋಕೆ ಕಾರಣ. ಕಾರಂತರ ಚೋಮ ಕೊನೆಗೆ ದುಡಿ ಬಾರಿಸುತ್ತಾ ಸಾಯುತ್ತಾನೆ. ಓದಿದವರು ಕಣ್ಣೊರೆಸಿಕೊಳ್ಳುತ್ತಾರೆ. ಹೊಲ ಇದ್ದವರ ಹತ್ತಿರವೇ ಇರುತ್ತದೆ.

ಇದರ ಪಕ್ಕ ಇಡಬೇಕಾದ್ದು ನಮ್ಮ ಮಾಗಡಿ ತಾಲ್ಲೂಕಿನದು. ಮಂಚನಬೆಲೆಯ ಸಿದ್ಧಲಿಂಗಯ್ಯನವರ 'ಊರುಕೇರಿ'. ಅದು ಕಾದಂಬರಿ ಅಲ್ಲ, ಆತ್ಮಕಥೆ. ಇರಲಿ, ಬೀರು ಬೇಡ ಅನ್ನುವುದಿಲ್ಲ. ಅದರ ಮೊದಲಿಗೇ ಒಂದು ಹೊಲ ಬರುತ್ತದೆ. ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ, ಅದರಲ್ಲೊಬ್ಬ ಬರೆದವರ ಅಪ್ಪ. ಚೋಮನಿಗೆ ಎತ್ತಾದರೂ ಇತ್ತು, ಇಲ್ಲಿ ಮನುಷ್ಯನೇ ಎತ್ತು. ಆದರೂ ಆ ಪುಸ್ತಕ ಓದುವಾಗ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಕಾರಂತರಿಗೆ ನಮ್ಮ ಸಂಕಟ ಕಂಡಿತು, ನಮ್ಮ ನಗು ಅಷ್ಟಾಗಿ ಕಾಣಲಿಲ್ಲ. ಹೊರಗೆ ನಿಂತು ನೋಡಿದವರಿಗೆ ಗುಡಿಸಲಿನ ಹೊಗೆ ಕಾಣುತ್ತದೆ, ಒಳಗೆ ಯಾರು ಯಾರನ್ನ ಆಡಿಕೊಂಡು ನಗುತ್ತಿದ್ದಾರೆ ಅಂತ ಹೇಗೆ ಕೇಳಬೇಕು?

'ಸಂಸ್ಕಾರ' ಬೇಡ ಅಂತ ಗೆಳೆಯನೊಬ್ಬ ಜಗಳ ತೆಗೆದ. ಅಗ್ರಹಾರದವರ ಸೂತಕ ನಮಗ್ಯಾಕೆ ಅಂತ. ನಾನು ತಗೊಳ್ಳಿ ಅಂತೀನಿ. 1965ರಲ್ಲಿ ಅಗ್ರಹಾರದ ಬಾಗಿಲು ತೆಗೆದು ಒಳಗಿನ ಕೊಳೆ ತೋರಿಸಿದ್ದು ಅನಂತಮೂರ್ತಿಯವರೇ. ಮಕ್ಕಳಿಗೆ ಮಾತ್ರ ಒಂದು ಲೆಕ್ಕ ಹಾಕಿಸಿ. ನಾರಣಪ್ಪನ ಒಂದು ಹೆಣ ಸುಡುವುದು ಯಾರು ಅನ್ನೋದಕ್ಕೆ ಎಷ್ಟು ಪುಟ? ಅದೇ ಪ್ಲೇಗಿನಲ್ಲಿ ಕೇರಿಯವರು ಸಾಯುತ್ತಾರೆ, ಗುಡಿಸಲಿಗೆ ಹೆಣದ ಸಮೇತ ಬೆಂಕಿ ಇಡುತ್ತಾರೆ. ಅದಕ್ಕೆ ಎಷ್ಟು ಸಾಲು? ಮತ್ತೊಂದು. ಚೋಮನ ಮಗಳ ಹೆಸರು ಬೆಳ್ಳಿ, 'ಸಂಸ್ಕಾರ'ದ ಕೇರಿಯ ಹುಡುಗಿಯ ಹೆಸರೂ ಬೆಳ್ಳಿ. ಒಬ್ಬಳ ಮೇಲೆ ಎಸ್ಟೇಟಿನವನ ಕಣ್ಣು, ಇನ್ನೊಬ್ಬಳ ಮೇಲೆ ಅಗ್ರಹಾರದ ಹುಡುಗನ ಕಣ್ಣು. ಬೆಳ್ಳಿಗೆ ಮೈ ಕೊಟ್ಟವರು ಅವಳಿಗೊಂದು ಮನಸ್ಸನ್ನ ಎಷ್ಟು ಕೊಟ್ಟರು ಅಂತ ಕ್ಲಾಸಿನ ಹೆಣ್ಣುಮಕ್ಕಳೇ ಹೇಳಲಿ.

ಇದರ ಜೊತೆಗೆ ದೇವನೂರ ಮಹಾದೇವರ 'ಕುಸುಮಬಾಲೆ', 1984. ಮೇಲಿನವರ ಮನೆಯ ಕುಸುಮ, ಕೇರಿಯ ಚನ್ನ, ಅವನ ಕೊಲೆ. ನನಗೆ ಪಾಠ ಮಾಡಿದವರೊಬ್ಬರು, ಅದು ಕಷ್ಟ, ನಂಜನಗೂಡಿನ ಕಡೆಯ ಮಾತು, ಓದೋಕಾಗಲ್ಲ ಬಿಡು ಅಂದಿದ್ದರು. ರಜೆಯಲ್ಲಿ ಊರಿಗೆ ತಗೊಂಡು ಹೋಗಿ ಜಗುಲಿ ಮೇಲೆ ಕೂತು ನಮ್ಮಜ್ಜಿಗೆ ಜೋರಾಗಿ ಓದಿದೆ. ಅಜ್ಜಿಗೆ ಅಕ್ಷರ ಬಾರದು. ರಾತ್ರಿ ಹೊತ್ತು ದೀಪದ ಜೋತಮ್ಮಗಳು ಸೇರಿ ಮಾತಾಡುವ ಭಾಗ ಬಂತು. ಅಜ್ಜಿ, 'ಅಯ್ಯೋ ಮಗ, ದೀಪಗೋಳು ಮಾತಾಡದ ನಮ್ಮವ್ವನೂ ಯೋಳ್ತಿದ್ಲು ಕಣಪ್ಪ. ನೀನು ಪುಸ್ತಕದಲ್ಲಿ ನೋಡ್ಕಂಡು ಯೋಳ್ತಿದ್ದೀಯಲ್ಲ!' ಅಂದಳು. ಪಾಠ ಮಾಡಿದವರಿಗೆ ಕಷ್ಟವಾದದ್ದು ಅಜ್ಜಿಗೆ ನೀರು ಕುಡಿದಷ್ಟು ಸಲೀಸು. ಆದ್ದರಿಂದ ಮೇಷ್ಟ್ರೇ, ಇದನ್ನ ಬೀರುವಿನಲ್ಲಿ ಇಟ್ಟರೆ ಸಾಲದು, ಬಾಯಿಬಿಟ್ಟು ಓದಿಸಿ. ಮನೆಗೆ ಕೊಟ್ಟು ಕಳಿಸಿ.

ನೂಲು ತೆಗೆಯುವ ಮನೆಯ ಹುಡುಗಿಯರಿಗಾಗಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಕಾಸರಗೋಡಿನ ಕಡೆಯ ಕಥೆ, ಅಪ್ಪನ ಹಟಕ್ಕೆ ಗಂಡನಿಂದ ದೂರವಾದ ನಾದಿರಾಳದು. ಗಂಡುಮಕ್ಕಳೂ ಓದಲಿ. ನಿರಂಜನರ 'ಚಿರಸ್ಮರಣೆ'ಯೂ ಇರಲಿ, ಕಯ್ಯೂರಿನ ರೈತರದು. ಕುವೆಂಪು 'ಮಲೆಗಳಲ್ಲಿ ಮದುಮಗಳು' (1967) ದಪ್ಪ ಅಂತ ಹೆದರಬೇಡಿ. ನಾಯಿಯ ಜೊತೆ ನಡೆಯುವ ಗುತ್ತಿಯ ಹಿಂದೆ ಹೋದರೆ ಕಾಡು ತಾನೇ ದಾರಿ ಬಿಡುತ್ತದೆ.

ಹೊರದೇಶದ್ದು ಒಂದೇ ಒಂದು ಅಂದರೆ ಟಾಲ್‌ಸ್ಟಾಯ್ 'ಪುನರುತ್ಥಾನ'. ಕನ್ನಡಕ್ಕೆ ತಂದವರು ದೇ. ಜವರೇಗೌಡರು, ಚನ್ನಪಟ್ಟಣ ತಾಲ್ಲೂಕು ಚಕ್ಕೆರೆಯವರು. ಕೆಲಸದ ಹುಡುಗಿಯನ್ನ ಕೆಡಿಸಿದ ಜಮೀನ್ದಾರ, ಅವಳು ಕೋರ್ಟಿನ ಕಟಕಟೆಯಲ್ಲಿ ನಿಂತಿರುವಾಗ ತೀರ್ಪು ಕೊಡುವವರ ಸಾಲಿನಲ್ಲಿ ಕೂತಿರುತ್ತಾನೆ. ಆಮೇಲೆ ಪಶ್ಚಾತ್ತಾಪ ಬಂದು ರೈತರಿಗೆ ಜಮೀನು ಕೊಡಲು ಹೋಗುತ್ತಾನೆ. ರೈತರು ನಂಬೋದಿಲ್ಲ, ಇದರಲ್ಲಿ ಏನೋ ಮೋಸ ಇದೆ ಅಂತಾರೆ. ಧಣಿಯ ಒಳ್ಳೇತನವನ್ನ ಕೂಲಿಯವನು ಅನುಮಾನದಿಂದ ನೋಡುವ ಹಕ್ಕು ಇದೆಯಲ್ಲ, ಅದನ್ನ ಟಾಲ್‌ಸ್ಟಾಯ್ ರೈತರಿಂದ ಕಿತ್ತುಕೊಳ್ಳಲಿಲ್ಲ. ಸ್ವತಃ ಜಮೀನ್ದಾರ ಆಗಿದ್ದೂ! ಚೋಮನಿಗೆ ಈ ಅನುಮಾನ ಇನ್ನಷ್ಟು ಇದ್ದಿದ್ದರೆ ಅಂತ ನನಗೆ ಅನ್ನಿಸುತ್ತದೆ.

ಲೆಕ್ಕ ಹಾಕಿದರೆ ಎಂಟು ಆಯಿತು. ಇನ್ನೆರಡು ಜಾಗ ನಾನು ತುಂಬುವುದಿಲ್ಲ. ಈ ಎಂಟನ್ನ ಓದಿದ ಮಕ್ಕಳೇ ಬಸ್ ಹತ್ತಿ ಹೋಗಿ ಅಂಗಡಿಯಲ್ಲಿ ನಿಂತು, ಪುಟ ತಿರುವಿ ಆರಿಸಿಕೊಂಡು ಬರಲಿ. ದುಡ್ಡು ಸಾಲದಿದ್ದರೆ ನನ್ನ 'ಪುನರುತ್ಥಾನ' ಕೊಡುತ್ತೇನೆ, ರಟ್ಟು ಕಿತ್ತಿದೆ. ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ನೀವು ಬರೆದಿಲ್ಲ. ಅದನ್ನೊಂದು ತಿಳಿಸಿ.