ನೇರಳೆ ಅಂಗಿಯ ಸಿಪಾಯಿಗೆ ಯಾವ ಮೈಬಣ್ಣ?

ಯುದ್ಧವನ್ನು ಮೇಜಿನ ಮೇಲೆ ಆಡುವ ಹವ್ಯಾಸವೊಂದು ನಮ್ಮ ನಗರಗಳ ಕೆಲವು ಯುವಕರನ್ನೂ ಹಿಡಿದುಕೊಂಡಿದೆ. ಇದು ಕಂಪ್ಯೂಟರ್ ಪರದೆಯ ಮೇಲಿನ ಗುಂಡಿನ ಕಾಳಗವಲ್ಲ. ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಅಥವಾ ಲೋಹದ ಸೈನಿಕರನ್ನು ಬಿಡಿಬಿಡಿ ಭಾಗಗಳಾಗಿ ಕೊಂಡು ತಂದು, ಅಂಟಿಸಿ, ಒಬ್ಬೊಬ್ಬನಿಗೂ ಬಣ್ಣ ಬಳಿದು, ಆಮೇಲೆ ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಆಡುವ ಆಟ. ಆಡಲು ಒಂದು ಸಂಜೆ ಸಾಕು, ಸೈನ್ಯ ಕಟ್ಟಲು ತಿಂಗಳುಗಳು ಬೇಕು. ನಿಜ ಹೇಳಬೇಕೆಂದರೆ ಆಟಕ್ಕಿಂತ ಆ ಕಟ್ಟುವ ಕೆಲಸವೇ ಇದರ ಜೀವ. ಬಣ್ಣ ಬಳಿದು ಕಪಾಟಿನಲ್ಲಿ ಇಟ್ಟವರೇ ಹೆಚ್ಚು, ಆಡಿದವರು ಕಡಿಮೆ. ದೊಡ್ಡವರು ಗೊಂಬೆ ಇಟ್ಟುಕೊಂಡು ಕೂರುವುದೇ ಎಂದು ನಗುವವರಿದ್ದಾರೆ. ನಮಗೆ ನಗು ಬರುವುದಿಲ್ಲ. ಏಕೆಂದರೆ ಆ ಗೊಂಬೆಗಳ ಸಾಲಿನಲ್ಲಿ ಮೈಸೂರಿನ ಸಿಪಾಯಿಯೂ ನಿಂತಿದ್ದಾನೆ. ಅವನನ್ನು ಅಲ್ಲಿ ನಿಲ್ಲಿಸಿದವರು ನಾವಲ್ಲ.

ಈ ಆಟ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬಾತ ತನ್ನ ದೊರೆಗೆ ಯುದ್ಧದ ಆಟದ ಮೇಜೊಂದನ್ನು ಒಪ್ಪಿಸಿದ. 1824ರಲ್ಲಿ ಅವನ ಮಗ ಅದನ್ನು ಸೇನಾಧಿಕಾರಿಗಳ ತರಬೇತಿಗೆ ತಕ್ಕಂತೆ ತಿದ್ದಿದ. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪೆನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ದು ಅಗ್ಗವಾಗಿ ಮಾರತೊಡಗಿದಾಗ ಯುದ್ಧ ಮಧ್ಯಮ ವರ್ಗದ ಮನೆಯ ನೆಲಹಾಸಿನ ಮೇಲೆ ಇಳಿಯಿತು. ಎಚ್.ಜಿ. ವೆಲ್ಸ್ 1913ರಲ್ಲಿ ಈ ಆಟಕ್ಕೆ ನಿಯಮಗಳ ಪುಸ್ತಕವನ್ನೇ ಬರೆದ. ಗೊಂಬೆ ಯುದ್ಧ ಆಡಿ ನೋಡಿದವನಿಗೆ ನಿಜವಾದ ಯುದ್ಧ ಎಂಥ ಅವಿವೇಕವೆಂದು ತಿಳಿಯುತ್ತದೆ ಎಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಇಂದು ಈ ಹವ್ಯಾಸದ ದೊಡ್ಡ ವ್ಯಾಪಾರಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್. 1987ರಲ್ಲಿ ಅದು ಹೊರತಂದ 'ವಾರ್‌ಹ್ಯಾಮರ್ 40,000' ಎಂಬ ಆಟದ ಭವಿಷ್ಯದಲ್ಲಿ ಯುದ್ಧವಲ್ಲದೆ ಬೇರೇನೂ ಉಳಿದಿಲ್ಲ. ಹತ್ತು ಸೈನಿಕರ ಒಂದು ಪೆಟ್ಟಿಗೆಗೆ ಹಲವು ಸಾವಿರ ರೂಪಾಯಿ. ಆ ಕಲ್ಪಿತ ಲೋಕದ ಬಗ್ಗೆ ನಮಗೆ ಹೇಳುವುದು ಹೆಚ್ಚಿಲ್ಲ. ನಮ್ಮ ಆಸಕ್ತಿ ಇನ್ನೊಂದು ಕವಲಿನ ಮೇಲೆ. ಅದು ನಡೆದುಹೋದ ಯುದ್ಧಗಳನ್ನು ಮತ್ತೆ ಆಡುವವರ ಕವಲು. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ಯುದ್ಧಗಳ ಸಿಪಾಯಿಗಳನ್ನು ಬ್ರಿಟನ್ನಿನ ಸಣ್ಣಪುಟ್ಟ ಎರಕದವರು ಮಾಡಿ ಮಾರುತ್ತ ಬಂದಿದ್ದಾರೆ. ಈಗ ಮೂರು ಆಯಾಮದ ಮುದ್ರಣ ಯಂತ್ರ ಬಂದ ಮೇಲೆ ಅವರನ್ನು ಬೆಂಗಳೂರಿನ ಕೋಣೆಯೊಂದರಲ್ಲಿಯೇ ಅಚ್ಚು ಹಾಕಿಕೊಳ್ಳಬಹುದು.

ಅಂಥದೊಂದು ಸೈನ್ಯ ನಮ್ಮ ಕಣ್ಣಿಗೆ ಬಿದ್ದದ್ದು ತುಮಕೂರು ತಾಲೂಕಿನ ಊರ್ಡಿಗೆರೆಯಲ್ಲಿ. ದೇವರಾಯನದುರ್ಗಕ್ಕೆ ಹೋಗುವವರು ದಾಟಿಹೋಗುವ ಹೋಬಳಿ ಊರು ಅದು. ಬೆಂಗಳೂರಿನಲ್ಲಿ ಓದುವ, ನಮಗೆ ಬಂಧುವಾಗಬೇಕಾದ ಹುಡುಗನೊಬ್ಬ ರಜೆಗೆ ಬಂದವನು ಅಜ್ಜಿಯ ಮನೆಯ ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಕುಳಿತಿದ್ದ. ಕೆಲಸದ ಕ್ರಮ ಹೀಗೆ: ಅಚ್ಚಿನ ಕೀಲುಗೆರೆಗಳನ್ನು ಚೂಪು ಚಾಕುವಿನಿಂದ ಹೆರೆಯಬೇಕು. ಪ್ಲಾಸ್ಟಿಕ್ಕಾದರೆ ಅದನ್ನೇ ಕರಗಿಸಿ ಬೆಸೆಯುವ ಅಂಟು, ಲೋಹ ಅಥವಾ ರಾಳವಾದರೆ ತಕ್ಷಣ ಹಿಡಿಯುವ ಅಂಟು. ಆಮೇಲೆ ಕಪ್ಪು ಅಥವಾ ಬೂದು ಅಸ್ತರು. ಅದರ ಮೇಲೆ ಮೂಲ ಬಣ್ಣ. ಅದು ಒಣಗಿದ ಮೇಲೆ ನೀರಿನಂತೆ ತೆಳುವಾದ ಗಾಢ ಬಣ್ಣವನ್ನು ಹರಿಯಬಿಟ್ಟರೆ ಅದು ಬಟ್ಟೆಯ ನೆರಿಗೆಗಳಲ್ಲಿ, ಬೆರಳುಗಳ ಸಂದಿಯಲ್ಲಿ ತಾನಾಗಿ ಇಳಿದು ನೆರಳಾಗುತ್ತದೆ. ಕೊನೆಗೆ ಹೆಚ್ಚೂಕಡಿಮೆ ಒಣಗಿದ ಕುಂಚವನ್ನು ಉಬ್ಬುಗಳ ಮೇಲೆ ಸವರಿದರೆ ಬೆಳಕು ಬಿದ್ದಂತೆ ಕಾಣುತ್ತದೆ. ಕಾಲಡಿಯ ಬಿಲ್ಲೆಗೆ ಮರಳು ಅಂಟಿಸುತ್ತಾರೆ. ಹುಡುಗ ಅಂಗಳದ ಕೆಮ್ಮಣ್ಣನ್ನೇ ಜರಡಿ ಹಿಡಿದು ಅಂಟಿಸಿದ್ದ. ಅಷ್ಟೂ ಕೆಲಸದಲ್ಲಿ ನಮಗೆ ತುಂಬ ಹಿಡಿಸಿದ್ದು ಅದೇ. ಇಂಗ್ಲೆಂಡಿನಿಂದ ಬರುವ ಪೊಟ್ಟಣದ ಹಸಿರು ಹುಲ್ಲಿನ ಮೇಲೆ ನಿಂತ ಮೈಸೂರಿನ ಸಿಪಾಯಿ ಎಲ್ಲೋ ಪರದೇಶದಲ್ಲಿ ಕವಾಯತು ಮಾಡುವವನಂತೆ ಕಾಣುತ್ತಾನೆ.

ಅವನು ತೊಡಕಿಗೆ ಸಿಕ್ಕಿದ್ದು ಮೈಬಣ್ಣದಲ್ಲಿ. ಬಣ್ಣದ ಡಬ್ಬಿಗಳ ಮೇಲೆ ಹೆಸರುಗಳಿರುತ್ತವೆ. ಮಾದರಿ ಕಟ್ಟುವವರಿಗೆಲ್ಲ ಪರಿಚಿತವಾದ ಹಂಬ್ರಾಲ್ ಬಣ್ಣಗಳಲ್ಲಿ 61ನೆಯ ಸಂಖ್ಯೆಯ ಹೆಸರು 'ಫ್ಲೆಶ್', ಅಂದರೆ ಮೈಬಣ್ಣ. ಮುಚ್ಚಳ ತೆಗೆದರೆ ಗುಲಾಬಿ ಬೆರೆತ ಬಿಳುಪು. ಮನುಷ್ಯನ ಮೈ ಎಂದರೆ ಇಂಥದ್ದು ಎಂದು ಡಬ್ಬಿಯೇ ತೀರ್ಮಾನಿಸಿಬಿಟ್ಟಿದೆ! ಉಳಿದವರಿಗೆ ಚರ್ಮದ ಕಂದು, ಮರದ ಕಂದು, ಮಣ್ಣಿನ ಕಂದು. ಹವ್ಯಾಸಿಗಳು ಚಿತ್ರಿಸಿದ ಭಾರತದ ಸೈನ್ಯಗಳನ್ನು ನೋಡಿ: ಇಡೀ ದಳಕ್ಕೆ ಒಂದೇ ಕಂದು. ಎದುರು ಸಾಲಿನ ಗೋರನಿಗೆ ಮಾತ್ರ ಕೆನ್ನೆಯಲ್ಲಿ ಕೆಂಪು, ಮೂಗಿನ ತುದಿಯಲ್ಲಿ ಬಿಸಿಲು ತಾಗಿದ ಗುರುತು. ಅವನು ವ್ಯಕ್ತಿ, ಇವರು ಗುಂಪು. ದ್ವೇಷದಿಂದ ಹೀಗಾಯಿತೆಂದು ನಾವು ಹೇಳುತ್ತಿಲ್ಲ. ಅಂಗಡಿಯಲ್ಲಿ ಒಬ್ಬನಿಗೆ ಐದು ಛಾಯೆಯ ಮೈಬಣ್ಣ ಸಿಗುತ್ತದೆ, ಇನ್ನೊಬ್ಬನಿಗೆ ಒಂದು. ಹುಡುಗನ ಪರಿಹಾರ ಸರಳವಾಗಿತ್ತು. ತಟ್ಟೆಯಲ್ಲಿ ಆರು ಬೇರೆ ಬೇರೆ ಕಂದು ಕಲಸಿ, ಮನೆಗೆ ಬಂದುಹೋಗುವವರ ಕೈಗಳ ಪಕ್ಕದಲ್ಲಿ ಕುಂಚ ಹಿಡಿದು ಹೋಲಿಸುತ್ತಿದ್ದ. ಟಿಪ್ಪುವಿನ ಸೈನ್ಯದಲ್ಲಿ ಇದ್ದವರು ಇಂಥವರೇ ಅಲ್ಲವೇ? ಬೇಡರು, ಒಕ್ಕಲಿಗರು, ಮುಸಲ್ಮಾನರು, ಕೆಲಸ ಹುಡುಕಿ ಬಂದ ಹೊರನಾಡಿಗರು. ಅವರೆಲ್ಲರ ಮೈ ಒಂದೇ ಡಬ್ಬಿಯಿಂದ ಬಂದದ್ದಲ್ಲ.

ಬಟ್ಟೆಯ ವಿಷಯದಲ್ಲಿ ಈ ಹವ್ಯಾಸಿಗಳ ಶ್ರದ್ಧೆಯನ್ನು ಮೆಚ್ಚಲೇಬೇಕು. ಟಿಪ್ಪುವಿನ ಖಾಯಂ ಪದಾತಿದಳದ ಅಂಗಿ ನೇರಳೆ ಬಣ್ಣದ್ದು, ಅದರ ಮೇಲೆ ಹುಲಿಯ ಪಟ್ಟೆಯನ್ನು ನೆನಪಿಸುವ ಬಿಳಿ ಗುರುತುಗಳು. ಈ ಗುರುತಿಗೆ ಬಬ್ರಿ ಎಂದು ಹೆಸರು. ಅದನ್ನು ಅಕ್ಕಿಕಾಳಿಗಿಂತ ಚಿಕ್ಕದಾದ ತೋಳಿನ ಮೇಲೆ ಬರೆಯುವುದೆಂದರೆ ಕಣ್ಣಿಗೂ ತಾಳ್ಮೆಗೂ ಪರೀಕ್ಷೆ. ನಮ್ಮಲ್ಲಿ ಮೈಸೂರು ಸಿಪಾಯಿಯ ಅಂಗಿ ಯಾವ ಬಣ್ಣದ್ದೆಂದು ಎಷ್ಟು ಜನ ಹೇಳಬಲ್ಲರು? ನಮ್ಮ ಕ್ಯಾಲೆಂಡರುಗಳಲ್ಲಿ, ನಾಟಕಗಳಲ್ಲಿ ಇರುವುದು ಸುಲ್ತಾನ ಮಾತ್ರ, ಹಿಂದೆ ನಿಂತವರಿಗೆ ಬಣ್ಣವೇ ಇಲ್ಲ. ಸಾವಿರಾರು ಮೈಲಿ ದೂರದ ನಿವೃತ್ತ ಗುಮಾಸ್ತನೊಬ್ಬ ಭೂತಗನ್ನಡಿ ಹಿಡಿದು ನಮ್ಮ ಸಿಪಾಯಿಯ ಅಂಗಿಗೆ ಪಟ್ಟೆ ಎಳೆಯುತ್ತಿರುವಾಗ ನಾವು ಸುಲ್ತಾನನ ಹೆಸರು ಹಿಡಿದು ಜಗಳವಾಡುತ್ತಿದ್ದೆವು. 2015ರಲ್ಲಿ ಸರಕಾರ ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರಕಾರ ಅದನ್ನು ನಿಲ್ಲಿಸಿತು. ಎರಡೂ ಕಡೆಯವರ ಭಾಷಣಗಳಲ್ಲಿ ಆ ನೇರಳೆ ಅಂಗಿಯವನಿಗೆ ಸ್ಥಳವಿರಲಿಲ್ಲ.

ಆದರೆ ಆ ಶ್ರದ್ಧೆಯ ಆಧಾರ ಯಾವುದು ಎಂದೂ ಕೇಳಬೇಕು. ಬಹುಮಟ್ಟಿಗೆ ಅದು ಗೆದ್ದವರು ಬರೆದಿಟ್ಟ ಮಾತು, ಗೆದ್ದವರು ಬರೆದ ಚಿತ್ರ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಲಂಡನ್ನಿನಲ್ಲಿ ಕೋಟೆಯ ಮೇಲಿನ ಲಗ್ಗೆಯನ್ನು ಸುಮಾರು 120 ಅಡಿ ಉದ್ದದ ಚಿತ್ರವಾಗಿ ಹರಡಿ ತೋರಿಸಿದ. ಅವನು ಭಾರತವನ್ನೇ ನೋಡಿದವನಲ್ಲ. ಜನ ಮುಗಿಬಿದ್ದು ನೋಡಿದರು. ಟಿಪ್ಪುವಿನ ಮರದ ಹುಲಿ, ಬಿಳಿಯನನ್ನು ಕೆಡವಿ ಗುರುಗುಟ್ಟುವ ಆ ಯಂತ್ರದ ಗೊಂಬೆ, ಲಂಡನ್ನಿನ ಜನರಿಗೆ ತಿರುಗಿಸಿ ನೋಡುವ ಆಟಿಕೆಯಾಯಿತು. ಅದು ಇಂದಿಗೂ ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಮೇಜಿನ ಮೇಲಿನ ಇಂದಿನ ಸೈನ್ಯ ಈ ಸಾಲಿನಲ್ಲಿಯೇ ಬಂದದ್ದು.

ಸೋತವರ ಕಡೆಯಿಂದ ಬರೆದ ಯುದ್ಧಚಿತ್ರ ಇಲ್ಲವೆಂದಲ್ಲ. ಅದನ್ನು ಬರೆಸಿದಾಗ ಅವರು ಸೋತಿರಲಿಲ್ಲ, ಅಷ್ಟೆ. 1784ರಲ್ಲಿ ಕಟ್ಟಿದ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗವಿದೆ. ನಡುವೆ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಮುದುಡಿ ಕುಳಿತಿದ್ದಾನೆ. ಸುತ್ತ ಕೆಂಪಂಗಿಯವರ ಚೌಕ, ಮದ್ದಿನ ಬಂಡಿ ಸಿಡಿಯುತ್ತಿದೆ. ಗೊಂಬೆ ಸೈನ್ಯ ಕಟ್ಟುವವನು ಆ ಗೋಡೆಯ ಮುಂದೆ ಒಂದು ದಿನ ಕಳೆಯಬೇಕು. ಅಲ್ಲಿಯ ಚಿತ್ರಕಾರನಿಗೂ ಸಾಲುಸಾಲಾಗಿ ಒಂದೇ ಮುಖ ಬರೆಯುವ ಚಾಳಿಯಿದೆ. ಆದರೆ ಗುಂಪಾಗಿ ಕಾಣುವವರು ಅಲ್ಲಿ ಕೆಂಪಂಗಿಯವರು. ದೃಷ್ಟಿ ಯಾರದೋ ಗುಂಪು ಅವರ ಎದುರಿನದು. ಆ ಚಿತ್ರ ಕೆಟ್ಟು, ತಿದ್ದಿಸಿಕೊಂಡು, ಮತ್ತೆ 1855ರಲ್ಲಿ ಡಾಲ್‌ಹೌಸಿಯ ಅಪ್ಪಣೆಯಿಂದ ಹೊಸದಾಗಿ ಬರೆಸಿಕೊಂಡಿತು ಎಂಬುದನ್ನೂ ಮರೆಯುವಂತಿಲ್ಲ. ನಮ್ಮ ಸಾಕ್ಷಿಯ ಮೇಲೂ ಅವರ ಕುಂಚ ಆಡಿದೆ.

ಮೇಜಿನ ಮೇಲೆ ಸೈನಿಕರನ್ನು ಸಾಲಾಗಿ ನಿಲ್ಲಿಸುವುದು ಮೈಸೂರಿನವರಿಗೆ ಹೊಸತಲ್ಲ. ದಸರೆಯ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಮಣ್ಣಿನ ಸಿಪಾಯಿಗಳು, ಬ್ಯಾಂಡಿನವರು, ಅಂಬಾರಿ ಆನೆ ನಡೆಯುತ್ತಿರುತ್ತವೆ. ಅದು ಮೆರವಣಿಗೆಯ ಸೈನ್ಯ. ಅದಕ್ಕೆ ಶತ್ರುವಿಲ್ಲ. ಅಲ್ಲಿ ಯಾರೂ ದಾಳ ಹಾಕಿ ಸಾಯುವುದಿಲ್ಲ. ಕುಣಿಗಲ್ಲಿನಿಂದ ದೂರವಿಲ್ಲದ ಚನ್ನಪಟ್ಟಣದ ಕುಶಲಕರ್ಮಿಗಳು, ಅವರಲ್ಲಿ ಬಹಳಷ್ಟು ಮುಸಲ್ಮಾನರು, ಹಾಲೆ ಮರವನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣ ಹಿಡಿಸಿ ತೆಗೆಯುವ ಗೊಂಬೆಗೆ ಎರಡು ಚುಕ್ಕಿ ಇಟ್ಟರೆ ಕಣ್ಣು. ತಿರುಗುವ ಯಂತ್ರ ದುಂಡಗಿನದನ್ನಷ್ಟೇ ಕೊಡುತ್ತದೆ, ಉಳಿದದ್ದನ್ನು ಮಗುವೇ ತುಂಬಿಕೊಳ್ಳಬೇಕು. ಚದುರಂಗದ ಕಥೆಯೂ ಹಾಗೆಯೇ. ಆನೆ, ಕುದುರೆ, ರಥ, ಕಾಲಾಳುಗಳ ಸೈನ್ಯ ಇರಾನ್, ಅರಬ್ ನಾಡುಗಳಲ್ಲಿ ಮುಖ, ಕೈಕಾಲು ಕಳೆದುಕೊಂಡು ಬರಿಯ ಸೂಚನೆಗಳಾಯಿತು. ನಿಶಾಪುರದ ಹನ್ನೆರಡನೆಯ ಶತಮಾನದ ಕಾಯಿಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಆನೆಯೆಂದರೆ ಗುಮ್ಮಟದಂಥ ದಿಂಡಿನ ಮೇಲೆ ಎರಡು ಮೊನೆ ಮಾತ್ರ. ಆಟವಾಡಲು ಅಷ್ಟೇ ಸಾಕಾಗಿತ್ತು. ಇದಕ್ಕೆ ತದ್ವಿರುದ್ಧವಾದದ್ದು ಯುದ್ಧದ ಗೊಂಬೆ. ಗುಂಡಿ, ಪಟ್ಟಿ, ಗಾಯ ಎಲ್ಲವನ್ನೂ ತೋರಿಸಿಬಿಡುತ್ತದೆ, ನೋಡುವವನಿಗೆ ಕಲ್ಪಿಸಲು ಏನನ್ನೂ ಬಿಡುವುದಿಲ್ಲ. ಇಷ್ಟೊಂದು ನಿಜವನ್ನು ತೋರಿಸುವ ವಸ್ತುವಿನ ಮೇಲೆ ನಾವು ಬೇಗ ನಂಬಿಕೆ ಇಡುತ್ತೇವೆ. ಅಂಗಿಯ ಗುಂಡಿ ಸರಿಯಿದ್ದರೆ ಯುದ್ಧವೂ ಸರಿಯಿರಬೇಕು ಎಂದುಕೊಳ್ಳುತ್ತೇವೆ.

ಯುದ್ಧ ಸರಿಯಿಲ್ಲ. ಮೇಜಿನ ಮೇಲೆ ಎತ್ತುಗಳೆಲ್ಲಿ? ಒಂದೆರಡು ಫಿರಂಗಿಗೆ ಅಲಂಕಾರಕ್ಕೆಂದು ಜೋಡಿ ಕಟ್ಟಿದ್ದನ್ನು ಬಿಟ್ಟರೆ ಮೈಸೂರು ಯುದ್ಧಗಳ ಗೊಂಬೆ ಕಾಳಗದಲ್ಲಿ ಎತ್ತಿಗೆ ಕೆಲಸವೇ ಇಲ್ಲ. ನಿಜವಾದ ಯುದ್ಧ ನಡೆದದ್ದು ಎತ್ತಿನ ಹೆಗಲ ಮೇಲೆ. ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು, ಅದರ ಎತ್ತುಗಳು ಫಿರಂಗಿ ಎಳೆದ ವೇಗಕ್ಕೆ ಇಂಗ್ಲಿಷರೇ ಬೆರಗಾದರು. ಅಶ್ವದಳಕ್ಕಾಗಿ ಕುದುರೆ ಸಾಕಿದ ಕುಣಿಗಲ್ಲಿನ ಲಾಯ ಮುಂದೆ ರೇಸಿನ ಕುದುರೆಗಳಿಗೆ ಹೆಸರಾಯಿತು. ದವಸ ಹೊತ್ತು ಸೈನ್ಯಗಳ ಹಿಂದೆ ನಡೆದ ಲಂಬಾಣಿಗರ ಎತ್ತಿನ ಸಾಲುಗಳು ನಿಂತರೆ ಸೈನ್ಯವೂ ನಿಲ್ಲುತ್ತಿತ್ತು. ಅಡುಗೆಯವರು, ಹೆಂಗಸರು, ಹುಲ್ಲು ತರುವವರು, ಹಾದಿಬದಿಯ ಸುಟ್ಟ ಹಳ್ಳಿ, ಇವು ಯಾವುವೂ ಅಚ್ಚಿಗೆ ಬರುವುದಿಲ್ಲ, ಏಕೆಂದರೆ ಇವುಗಳಿಗೆ ದಾಳದಲ್ಲಿ ಅಂಕವಿಲ್ಲ. ನಮ್ಮ ಈ ಸೀಮೆಯ ಮಟ್ಟಿಗೆ ಯುದ್ಧವೆಂದರೆ ಅವೇ. ಹುಲಿಯೂರುದುರ್ಗ 1791ರ ಜೂನಿನಲ್ಲಿ, ಹುತ್ರಿದುರ್ಗ ಅದೇ ವರ್ಷದ ಡಿಸೆಂಬರಿನಲ್ಲಿ ಕುಂಪಣಿಯ ಕೈಸೇರಿದವು. ಎರಡೂ ಇಂದಿನ ಕುಣಿಗಲ್ ತಾಲೂಕಿನವು. ಆ ಬೆಟ್ಟಗಳ ತಪ್ಪಲಿನ ರೈತ ಆ ವರ್ಷ ಎರಡು ಸೈನ್ಯಗಳಿಗೆ ಹುಲ್ಲು ಕೊಟ್ಟು ಉಳಿದಿದ್ದರೆ ಅದೇ ಅವನ ಗೆಲುವು.

ಇನ್ನು ಧೈರ್ಯದ ಅಂಕ. ಈ ಆಟಗಳ ನಿಯಮ ಪುಸ್ತಕಗಳಲ್ಲಿ ಒಂದೊಂದು ದಳಕ್ಕೂ ಒಂದು ಸಂಖ್ಯೆ ಇರುತ್ತದೆ. ಗುಂಡು ಬಿದ್ದಾಗ ನಿಲ್ಲುತ್ತದೋ ಓಡುತ್ತದೋ ಎಂಬುದು ಆ ಸಂಖ್ಯೆ ಮತ್ತು ದಾಳದಿಂದ ತೀರ್ಮಾನ. ಮೈಸೂರಿನ ಸಿಪಾಯಿಗೆ ಎಷ್ಟು ಕೊಡಬೇಕು? ಬಣ್ಣದ ತಪ್ಪನ್ನು ಕಣ್ಣು ಹಿಡಿಯುತ್ತದೆ, ಸಂಖ್ಯೆಯ ತಪ್ಪು ಕಾಣುವುದಿಲ್ಲ. ಪೊಲ್ಲಿಲೂರಿನಲ್ಲಿ ಅವನು ಗೆದ್ದಿದ್ದ. ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿದ ಅವನ ರಾಕೆಟ್ಟುಗಳು ಎಷ್ಟು ಹೇರಳವಾಗಿದ್ದವು ಎಂದರೆ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಪಾಳುಬಾವಿಯೊಂದರಲ್ಲಿಯೇ ಸಾವಿರಕ್ಕೂ ಹೆಚ್ಚು ಸಿಕ್ಕವು. ಮೇಜಿನ ಮೇಲೆ ಮಾತ್ರ ರಾಕೆಟ್ಟು ಬಹಳ ಸಲ ತಮಾಷೆಯ ಆಯುಧ: ದಾಳ ಕೆಟ್ಟರೆ ಹಾರಿಸಿದವನ ಕಡೆಗೇ ತಿರುಗುತ್ತದೆ. ಆಟಕ್ಕೆ ಸ್ವಾರಸ್ಯ ಬರುತ್ತದೆ, ನಿಜ. ಆದರೆ ಇದೇ ರಾಕೆಟ್ಟನ್ನು ನೋಡಿ ಇಂಗ್ಲೆಂಡಿನ ಕಾಂಗ್ರೀವ್ ತನ್ನದನ್ನು ಮಾಡಿಕೊಂಡ ಎಂಬುದನ್ನು ಆ ನಗೆ ಮರೆಸುತ್ತದೆ.

ಹಾಗೆಂದು ಈ ಹವ್ಯಾಸವನ್ನು ಬಿಡಿ ಎಂದು ನಾವು ಯಾರಿಗೂ ಹೇಳೆವು. ನಿಯಮ ಪುಸ್ತಕ ದೇವವಾಣಿಯಲ್ಲ. ತಿದ್ದಿ ಬರೆದುಕೊಳ್ಳುವುದು ಈ ಆಟದವರಲ್ಲಿ ಹಳೆಯ ರೂಢಿ, ವೆಲ್ಸ್ ಮಾಡಿದ್ದೂ ಅದನ್ನೇ. ಆರು ಕಂದು ಕಲಸಲು ಬರುವವನಿಗೆ ಎತ್ತಿನ ಲೆಕ್ಕ ಸೇರಿಸುವುದು ಕಷ್ಟವಲ್ಲ. 1791ರ ಮೇ ತಿಂಗಳನ್ನು ಆಡುವುದಾದರೆ ಪ್ರತಿ ಸರದಿಯಲ್ಲೂ ಎರಡೂ ಕಡೆಯವರು ಮೊದಲು ಎತ್ತುಗಳನ್ನು ಎಣಿಸಲಿ. ಮಳೆ ಹಿಡಿಯಲಿ, ಮೇವು ಮುಗಿಯಲಿ. ಅರಿಕೆರೆಯ ಕಾಳಗ ಗೆದ್ದು, ಶ್ರೀರಂಗಪಟ್ಟಣವನ್ನು ಕಣ್ಣೆದುರಿಗೇ ಇಟ್ಟುಕೊಂಡೂ, ಎಳೆಯಲು ಎತ್ತಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ಕಾರ್ನ್‌ವಾಲಿಸ್ ತಾನೇ ಒಡೆದುಹಾಕಿ ಹಿಂದಿರುಗುವ ಸರದಿಯೂ ಬರಲಿ.