ಮೂರು ಪ್ರಶ್ನೆಗೆ ಒಂದು ಕಂಪ್ಯೂಟರ್

ಕೊಲ್ಹಾಪುರದ ಮಗ್ಗುಲಿನ ಶಿರೋಳಿಯ ಫೌಂಡ್ರಿಗಳನ್ನು ದಾಟಿ, ಪುಣೆ ಹೆದ್ದಾರಿ ಹಿಡಿದು, ವಾಠಾರದಲ್ಲಿ ಎಡಕ್ಕೆ ಹೊರಳಿದರೆ ವಾರಣಾನಗರ. ಇಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆಯ ಆಸುಪಾಸಿನ 70 ಹಳ್ಳಿಗಳಿಗೆ ಕಂಪ್ಯೂಟರ್ ಜಾಲ ಹಬ್ಬಿಸುವ ‘ವೈರ್ಡ್ ವಿಲೇಜ್’ ಯೋಜನೆ 1998ರಲ್ಲಿ ಶುರುವಾಯಿತು. ಪೇಟೆ ಧಾರಣೆ, ಬೇಸಾಯದ ಸಲಹೆ, ಸರ್ಕಾರಿ ದಾಖಲೆ, ಇಂಟರ್ನೆಟ್ಟು, ಎಲ್ಲವೂ ಊರಿನ ಕಿಯಾಸ್ಕಿಗೇ ಬರಬೇಕಿತ್ತು. ಬಂದದ್ದು ಕಾರ್ಖಾನೆಯ ಲೆಕ್ಕ ಮಾತ್ರ. ರೈತ ಕೇಳುತ್ತಿದ್ದದ್ದೂ ಮೂರೇ ಮಾತು: ಕಬ್ಬಿನ ತೂಕ ಎಷ್ಟು ಬಂತು? ಕಟಾವಿಗೆ ಅಪ್ಪಣೆ ಎಂದು? ಗೊಬ್ಬರ ಎಷ್ಟು ಸಿಗುತ್ತದೆ?

ಈ ಮೂರಕ್ಕೆ ಊರಿಗೊಂದು ಪಿಸಿ, ಪ್ರಿಂಟರ್, ಅದನ್ನು ಕಾಯಲೊಬ್ಬ ಆಪರೇಟರ್! ಅಸಲಿ ಲೆಕ್ಕ ಇದ್ದದ್ದು ಕಾರ್ಖಾನೆಯಲ್ಲಿ. ಹಳ್ಳಿಯ ಪೆಟ್ಟಿಗೆ ಅದರ ನೆರಳು. ನೆರಳಿಗೂ ರಿಪೇರಿ ಖರ್ಚು ಬೇರೆ.

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ತಂಡದ ‘ವಾರಣಾ ಅನ್‌ವೈರ್ಡ್’ ಎಂಬ ಪ್ರಯೋಗ ನನಗೆ ಹಿಡಿಸುವುದು ಇಲ್ಲಿಯೇ. ಏಳು ಹಳ್ಳಿಗಳಲ್ಲಿ, ಎಂಟು ತಿಂಗಳು, ಪಿಸಿ ಮಾಡುತ್ತಿದ್ದ ಕೆಲಸವನ್ನೆಲ್ಲ ಎಸ್ಸೆಮ್ಮೆಸ್ಸಿಗೆ ವಹಿಸಿದರು. ಕಾರ್ಖಾನೆಯ ಕಂಪ್ಯೂಟರಿಗೆ ಒಂದು ಫೋನು ಜೋಡಿಸಿದರೆ ಸರ್ವರ್ ಆಯಿತು. ಖರ್ಚು ಇಳಿಯಿತು, ರೈತರೂ ಮೆಚ್ಚಿದರು. ಕಿಯಾಸ್ಕಿನ ಬಾಗಿಲು ತೆರೆಯುವ ಹೊತ್ತಿಗೆ ಕಾಯುವುದು ತಪ್ಪಿತು. 2007ರಲ್ಲಿ ಅವರು ಮಂಡಿಸಿದ ಪ್ರಬಂಧದ ಗುಣವೆಂದರೆ, ಹೊಸದನ್ನು ಸೇರಿಸುವ ಬದಲು ಇದ್ದದ್ದನ್ನು ಕಳೆದದ್ದು. ನಮ್ಮ ಕಚೇರಿಗಳಲ್ಲಿ ಟೆಂಡರ್ ಕರೆಯುವವರಿಗೆ ಈ ಕಳೆಯುವ ಲೆಕ್ಕ ಬರುವುದೇ ಇಲ್ಲ.

ಆದರೆ ತಕರಾರೂ ಇದೆ. ಕರ್ನಾಟಕದ ಜಮೀನು ದಾಖಲೆಗಳ ಯೋಜನೆ ‘ಭೂಮಿ’ ಮೊದಲಿಗೆ ಪಹಣಿಯನ್ನು ತಾಲ್ಲೂಕು ತಾಲ್ಲೂಕಿನ ಕಂಪ್ಯೂಟರಿನಲ್ಲಿ ಇಟ್ಟಿತು. ರೈತ ಬಸ್ಸು ಹತ್ತಬೇಕಿತ್ತು, ನಿಜ; ಆದರೆ ತಿದ್ದುಪಡಿಗೆ ಅರ್ಜಿ ಕೊಟ್ಟು ರಸೀದಿ ಪಡೆಯುವ ಕಿಟಕಿ ಅಲ್ಲೇ ಇತ್ತು. ವಾರಣೆಯ ಎಸ್ಸೆಮ್ಮೆಸ್ಸು ತೂಕ ಹೇಳುತ್ತಿತ್ತು, ತೂಕದ ಮೇಲಿನ ಜಗಳ ಕೇಳಿಸಿಕೊಳ್ಳುತ್ತಿರಲಿಲ್ಲ. ಕಡಿದ ಕಬ್ಬು ಬಿಸಿಲಿಗೆ ಬಿದ್ದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಟ್ರ್ಯಾಕ್ಟರು ಕಾರ್ಖಾನೆಯ ಗೇಟಿನೆದುರು ರಾತ್ರಿಯಿಡೀ ಸಾಲಿನಲ್ಲಿ ನಿಂತಿತೋ ಇಲ್ಲವೋ ಎಂಬುದು ಸಂದೇಶದಲ್ಲಿ ಇರುತ್ತಿರಲಿಲ್ಲ. ಫೋನ್ ಪರದೆಯ ಮೇಲೆ ಬರುತ್ತಿದ್ದದ್ದು ಅಂಕಿ ಮಾತ್ರ, ಅದೂ ತೂಕದ ಯಂತ್ರದ ಯಜಮಾನರು ಬರೆದದ್ದು.